ಕೋಟು ಹರಿದು ಹೆಣೆದದ್ದು

ಅಮ್ಮನ ಮನೆಯ ಒಂದು ಸಾಮಾನೂ ರೋಂಡಾಳ ಹತ್ತಿರ ಇರಲಿಲ್ಲ. ಒಂದು ಚಮಚ ಕೂಡ.

ಅಮ್ಮ ಸತ್ತದ್ದು ಮಾರ್ಚ್‌ನಲ್ಲಿ. ನೆಲ ಕಲ್ಲಿನಂತೆ ಹೆಪ್ಪುಗಟ್ಟಿದ್ದರಿಂದ ಮಣ್ಣು ಮಾಡಿದ್ದು ಮೇ ತಿಂಗಳಲ್ಲಿ, ಅಪ್ಪನ ಸಮಾಧಿಯ ಪಕ್ಕದಲ್ಲೇ. ಜೂನ್‌ನಲ್ಲಿ ಮನೆ ಮಾರಾಟವಾಯಿತು. ಖಾಲಿ ಮಾಡುವ ಕೆಲಸವನ್ನು ತಮ್ಮ ಡ್ವೇನ್ ಮತ್ತವನ ಹೆಂಡತಿ ಕ್ರಿಸ್ಟಲ್ ವಹಿಸಿಕೊಂಡರು. ಭಾನುವಾರ ಬಾ, ಬೇಕಾದ್ದು ಆರಿಸ್ಕೊ ಎಂದು ಡ್ವೇನ್ ಫೋನಿನಲ್ಲಿ ಹೇಳಿದ್ದ. ರೋಂಡಾ ದೂರದ ಊರಿನ ವೃದ್ಧಾಶ್ರಮವೊಂದರಲ್ಲಿ ಅಡುಗೆ ಮಾಡುತ್ತಿದ್ದಳು. ಶನಿವಾರ ಅವಳಿಗೆ ಬಿಡುವಿರಲಿಲ್ಲ. ಭಾನುವಾರ ಕಾರಿನ ಹಿಂದಿನ ಸೀಟು ಮಡಚಿಕೊಂಡು ಬಂದು ನೋಡಿದರೆ ಮನೆ ಗುಡಿಸಿ ಒರೆಸಿಯಾಗಿತ್ತು. ಗೋಡೆಯ ಮೊಳೆಗಳನ್ನೂ ಕಿತ್ತಿದ್ದರು.

"ನಿನ್ನೆನೇ ಮುಗಿದುಹೋಯ್ತು," ಅಂದ ಡ್ವೇನ್. "ಕ್ರಿಸ್ಟಲ್ ಅಣ್ಣಂದಿರು ಟ್ರಕ್ ತಂದಿದ್ರು. ಕೆಲಸ ಓಡ್ತು."

"ನಾನು ಭಾನುವಾರ ಬರ್ತೀನಿ ಅಂದಿದ್ದೆ."

"ಬಂದಿದೀಯಲ್ಲ."

ರೋಂಡಾ ಖಾಲಿ ಅಡುಗೆಮನೆಯಲ್ಲಿ ಒಂದು ಸುತ್ತು ಹಾಕಿದಳು. ಒಲೆ ಇದ್ದ ಜಾಗದಲ್ಲಿ ನೆಲದ ಬಣ್ಣ ಬೇರೆಯಾಗಿತ್ತು. ಕಾರಿನ ಸೀಟನ್ನು ಮತ್ತೆ ನೆಟ್ಟಗೆ ಮಾಡಿಕೊಂಡು ಹೊರಟುಹೋದಳು.

ಹೊರಟವಳು ಸೀದಾ ಮನೆಗೇನೂ ಹೋಗಲಿಲ್ಲ. ಊರಾಚೆ ಕಸ ಹಾಕುವ ಜಾಗವಿದೆ, ಎಲ್ಲರೂ ಅದನ್ನು ಡಂಪ್ ಅನ್ನುತ್ತಾರೆ. ಅದರ ಗೇಟಿನ ಪಕ್ಕ ಒಂದು ತಗಡಿನ ಶೆಡ್ಡು. ಇನ್ನೂ ಕೆಲಸಕ್ಕೆ ಬರುವಂಥದ್ದನ್ನು ಜನ ಅಲ್ಲಿಡುತ್ತಾರೆ, ಬೇಕಾದವರು ಒಯ್ಯುತ್ತಾರೆ. ಯಾರೂ ಯಾರನ್ನೂ ಕೇಳುವುದಿಲ್ಲ. ಒಳಗೆ ಒಂದು ಮುರುಕು ತೊಟ್ಟಿಲು, ಹಳೇ ಸ್ಕೀಗಳು, ಒಂದು ರಾಶಿ ಅಡುಗೆ ಪತ್ರಿಕೆ. ಅವುಗಳ ಹಿಂದೆ ಕೆಂಪು ದಾರದಲ್ಲಿ ಬಾಯಿ ಕಟ್ಟಿದ ಎರಡು ಕಪ್ಪು ಚೀಲ. ಕ್ರಿಸ್ಟಲ್ ಏನು ಕಟ್ಟಿದರೂ ಕೆಂಪು ದಾರದಲ್ಲೇ ಕಟ್ಟುತ್ತಾಳೆ. ಬಿಚ್ಚಿದಾಗ ಕರ್ಪೂರದ ಗುಳಿಗೆಯ ವಾಸನೆ ಮುಖಕ್ಕೆ ಹೊಡೆಯಿತು. ಅಮ್ಮನ ಬೀರುವಿನ ವಾಸನೆ.

ಬರೀ ಉಣ್ಣೆಬಟ್ಟೆ. ಅಮ್ಮ ಚರ್ಚಿಗೆ ತೊಡುತ್ತಿದ್ದ ಹಸಿರು ಕೋಟು. ಅವಳ ಎರಡು ಕಂದು ಲಂಗ. ಮಂಚದ ಬೂದು ಕಂಬಳಿ. ಎರಡನೇ ಚೀಲದ ತಳದಲ್ಲಿ ಅಪ್ಪನ ಬೇಟೆಯ ಕೋಟು, ಕೆಂಪು ಕಪ್ಪು ಚೌಕಳಿಯದ್ದು. ಬೇಟೆಗೆ ಹೋಗುವವರು ಒಬ್ಬರಿಗೊಬ್ಬರು ಎದ್ದು ಕಾಣುವಂತೆ ಕಿತ್ತಳೆ ಬಣ್ಣ ತೊಡಲೇಬೇಕೆಂಬ ಕಾನೂನು ಬಂದ ವರ್ಷ, ಅಂಗಡಿಯ ಹೊಸ ಜಾಕೆಟ್ಟು ತೊಡಲು ಅಪ್ಪ ಒಪ್ಪಿರಲಿಲ್ಲ. ಜಗಳವಾಡಿ ಸೋತ ಅಮ್ಮ ಅದೇ ಕೋಟಿನ ಬೆನ್ನಿಗೆ ಒಂದು ದೊಡ್ಡ ಕಿತ್ತಳೆ ತುಂಡು ಹೊಲಿದಳು. ದೂರದಿಂದ ನೋಡಿದರೆ ಅಪ್ಪನ ಬೆನ್ನಿಗೆ ಬೆಂಕಿ ಹತ್ತಿದ ಹಾಗೆ ಕಾಣುತ್ತಿತ್ತು. ಜಿಲ್ಲೆಯಲ್ಲಿ ಅಂಥ ಕೋಟು ಇನ್ನೊಂದಿರಲಿಲ್ಲ.

ಎರಡೂ ಚೀಲಗಳನ್ನು ರೋಂಡಾ ಕಾರಿಗೆ ಹಾಕಿದಳು.

ಅಪ್ಪನ ಅಕ್ಕ ಹ್ಯಾಟಿ ಅತ್ತೆ ಬದುಕಿದ್ದಳು. ವಯಸ್ಸು ಎಂಬತ್ತು ದಾಟಿತ್ತು, ಮುಪ್ಪಿನವರಿಗಾಗಿ ಕಟ್ಟಿದ ಒಂದು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಳು. ಬಾಯಿಗೆ ಬೀಗ ಇರಲಿಲ್ಲ. ಹಳೇ ಉಣ್ಣೆಬಟ್ಟೆಯನ್ನು ಪಟ್ಟಿಪಟ್ಟಿಯಾಗಿ ಹರಿದು, ಮೂರೆಳೆ ಜಡೆ ಹಾಕಿ, ಆ ಜಡೆಯನ್ನು ಸುರುಳಿ ಸುತ್ತಿ ಹೊಲಿದು ನೆಲಹಾಸು ಮಾಡುವುದನ್ನು ಅವಳು ತಾಯಿಯಿಂದ ಕಲಿತಿದ್ದಳು. ರೋಂಡಾ ಅತ್ತೆಯಿಂದ ಕಲಿತಳು. ಬೇಸಿಗೆಯೆಲ್ಲ ಇಬ್ಬರೂ ಕೂತು ಹೊಲಿಗೆ ಬಿಚ್ಚಿದರು, ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು ಕುಗ್ಗಿಸಿದರು, ಗುಂಡಿಗಳನ್ನು ಕತ್ತರಿಸಿ ಜಾಡಿಗೆ ಹಾಕಿದರು. ಅಪ್ಪನ ಕೋಟನ್ನು ಮಾತ್ರ ರೋಂಡಾ ಮುಟ್ಟಲಿಲ್ಲ. ಅದು ಅವಳ ಮನೆಯ ಬಾಗಿಲ ಹಿಂದೆ ಮೊಳೆಗೆ ನೇತಾಡಿಕೊಂಡಿತ್ತು.

ಜಿಂಕೆ ಬೇಟೆ ಶುರುವಾಗುವ ಮುಂಚಿನ ವಾರ ಡ್ವೇನ್ ಫೋನ್ ಮಾಡಿದ.

"ಅಪ್ಪನ ಕೋಟು ನಿನ್ ಹತ್ರ ಇದೆಯಾ?"

ರೋಂಡಾ ಬಾಗಿಲ ಕಡೆ ನೋಡಿದಳು. ಬಾಯಿ ತೆರೆಯುವಷ್ಟರಲ್ಲಿ ಅವನೇ ಮುಂದುವರಿಸಿದ.

"ನೀನೇ ಹೊಡ್ಕೊಂಡು ಹೋಗಿರ್ತೀಯ. ಎಲ್ಲಾರ್ಗೂ ಹೇಳ್ದೆ ನಾನು. ಅಮ್ಮನ್ನ ಮಣ್ಣು ಮಾಡೋಕೆ ಬಂದವಳು ಸುಮ್ನೆ ಹೋಗಿಲ್ಲ, ಬೀರೂಗೆ ಕೈ ಹಾಕಿದಾಳೆ ಅಂತ. ಕಳ್ತನ ಮಾಡೋ ಬದ್ಲು ಕೇಳ್ಬಾರ್ದಿತ್ತಾ?"

"ನಿನ್ ಮನೆಯಿಂದ, ಅಮ್ಮನ ಮನೆಯಿಂದ, ನಾನು ಒಂದು ದಾರಾನೂ ತಗೊಂಡಿಲ್ಲ," ಅಂದಳು ರೋಂಡಾ. ಅದು ಸುಳ್ಳಲ್ಲ. ಫೋನ್ ಇಟ್ಟಳು. ಕೋಟನ್ನು ಮೊಳೆಯಿಂದ ತೆಗೆದು, ಮೇಜಿನ ಮೇಲೆ ಹರಡಿ, ಬೆನ್ನಿನ ಹೊಲಿಗೆಗೆ ಬ್ಲೇಡು ಇಟ್ಟಳು.

ಹ್ಯಾಟಿ ಅತ್ತೆ ಮರುದಿನ ಪಟ್ಟಿಗಳನ್ನು ನೋಡಿ ತುಟಿ ಕಚ್ಚಿದಳು. "ಅವ್ನಿಗೇ ಕೊಟ್ಬಿಡ್ಬಹುದಿತ್ತು."

"ಕೇಳಿದ್ರೆ ಕೊಡ್ತಿದ್ದೆ ಅತ್ತೆ. ಕಳ್ಳಿ ಅಂದ. ಊರೆಲ್ಲ ಸಾರಿ ಬಂದು ಆಮೇಲೆ ನಂಗೆ ಫೋನ್ ಮಾಡಿದ."

"ಹಾಗಿದ್ರೆ ಆ ಕಿತ್ತಳೆದನ್ನಾದ್ರೂ ಬಿಡು. ಕೆಂಪು ಕಪ್ಪು ಎಲ್ಲಾರ ಮನೇಲೂ ಇರತ್ತೆ. ಕಿತ್ತಳೆ ಸೇರಿಸಿದ್ಯೋ, ಕುರುಡನಿಗೂ ಗೊತ್ತಾಗತ್ತೆ."

"ಗೊತ್ತಾಗ್ಲಿ. ಬಚ್ಚಿಡೋಕೆ ನಾನೇನು ಕದ್ದಿದೀನಾ?"

ಹೊರಸುತ್ತಿನ ಜಡೆಗೆ ಅವಳು ಕಿತ್ತಳೆ ಎಳೆ ಸೇರಿಸಿದಳು. ಹಸಿರು, ಕೆಂಪು ಕಪ್ಪು, ಅವೆರಡರ ನಡುವೆ ಕಿತ್ತಳೆ.

ನವೆಂಬರಿನ ಸುಗ್ಗಿ ಹಬ್ಬದ ಊಟದಲ್ಲಿ ಕ್ರಿಸ್ಟಲ್ ಕ್ರಿಸ್ಮಸ್ಸಿನ ಮಾತೆತ್ತಿದಳು. ಆ ಮನೆತನದಲ್ಲಿ ಕ್ರಿಸ್ಮಸ್ ಮುನ್ನಾದಿನ ಉಡುಗೊರೆಯ ಅದಲುಬದಲು ಆಟ ನಡೆಯುತ್ತಿತ್ತು, ಅಪ್ಪ ಮಗುವಾಗಿದ್ದ ಕಾಲದಿಂದ. ಪ್ರತಿಯೊಬ್ಬರೂ ಒಂದು ಉಡುಗೊರೆ ಕಟ್ಟಿ ತಂದು ರಾಶಿಗೆ ಹಾಕಬೇಕು. ಟೋಪಿಯಿಂದ ನಂಬರ್ ಎತ್ತಬೇಕು. ತನ್ನ ಸರದಿ ಬಂದವರು ರಾಶಿಯಿಂದ ಹೊಸದೊಂದನ್ನು ಬಿಚ್ಚಬಹುದು, ಇಲ್ಲವೇ ಆಗಲೇ ಬಿಚ್ಚಿದ್ದನ್ನು ಯಾರ ಕೈಯಿಂದಲಾದರೂ ಕಸಿದುಕೊಳ್ಳಬಹುದು. ಕಸಿದುಕೊಂಡರೆ ಕಳಕೊಂಡವರು ಇನ್ನೊಂದು ಬಿಚ್ಚಿಕೊಳ್ಳುತ್ತಾರೆ. ಒಂದು ಸಾಮಾನು ಮೂರನೇ ಕೈಗೆ ಬಂದರೆ ಅಲ್ಲಿಗೆ ನಿಂತಿತು, ಮತ್ತೆ ಯಾರೂ ಮುಟ್ಟುವ ಹಾಗಿಲ್ಲ. ಒಂದನೇ ನಂಬರಿನವರಿಗೆ ಕಸಿಯಲು ಏನೂ ಇರುವುದಿಲ್ಲವಾದ್ದರಿಂದ ಎಲ್ಲ ಮುಗಿದ ಮೇಲೆ ಅವರಿಗೆ ಇನ್ನೊಂದು ಸರದಿ.

ಎಲ್ಲಕ್ಕಿಂತ ಗಟ್ಟಿಯಾದ ನಿಯಮವೆಂದರೆ, ಆಟದಲ್ಲಿ ಸಿಕ್ಕಿ ಬಾಗಿಲು ದಾಟಿದ್ದು ದಾಟಿದವರದ್ದು. ಅದರ ಮೇಲೆ ಮಾತಿಲ್ಲ. ಎಲ್ಡನ್ ಚಿಕ್ಕಪ್ಪ ಒಮ್ಮೆ ಕುಡಿದು ಹೆಂಡತಿಯ ಕಬ್ಬಿಣದ ಬಾಣಲೆಯನ್ನೇ ಕಾಗದ ಸುತ್ತಿ ತಂದಿದ್ದ. ಅದು ಅಮ್ಮನಿಗೆ ಬಂತು. ಆ ಚಿಕ್ಕಮ್ಮ ಪ್ರತಿ ಬೇಸಿಗೆಯಲ್ಲೂ ಅಮ್ಮನ ಮನೆಗೆ ಬಂದು, ತನ್ನದೇ ಬಾಣಲೆಯಲ್ಲಿ ಕರಿದ ಮೀನು ತಿಂದು, ಬಾಣಲೆಯ ಮಾತೆತ್ತದೆ ಹೋಗುತ್ತಿದ್ದಳು. ಸಾಯುವವರೆಗೂ ಎತ್ತಲಿಲ್ಲ.

"ಈ ಸಲ ಆಟ ನಮ್ಮನೇಲಿ, ರೂಲ್ ಸ್ವಲ್ಪ ಬದಲು," ಅಂದಳು ಕ್ರಿಸ್ಟಲ್, ಕುಂಬಳದ ಪೈ ಕತ್ತರಿಸುತ್ತ. "ಎಲ್ಲ ಹೊಸಾದೇ ಇರ್ಬೇಕು. ಅಂಗಡಿದು, ಡಬ್ಬದಲ್ಲಿ. ಒಳಗೆ ರಸೀದಿ. ಮನೇಲಿ ಮಾಡಿದ್ದು, ಹಳೇದು, ಏನೂ ಬೇಡ. ನಾನು ಯಾರ ಹೆಸರೂ ಹೇಳ್ತಿಲ್ಲ."

ಹೇಳುವ ಅಗತ್ಯವಿರಲಿಲ್ಲ. ಹೋದ ವರ್ಷ ರೋಂಡಾ ತಂದದ್ದು ಉಪ್ಪಿನಲ್ಲಿ ಹಾಕಿದ ಬೀನ್ಸಿನ ಜಾಡಿ, ಕೈಯಲ್ಲಿ ಹೆಣೆದ ಒಂದು ಜೊತೆ ಕೈಗವಸು. ಕ್ರಿಸ್ಟಲ್‌ಳ ಅಣ್ಣ ರಿಕ್‌ಗೆ ಸಿಕ್ಕಿತು. ಅವನು ಹೋಗುವಾಗ ಅದನ್ನು ಡ್ವೇನ್‌ನ ಮನೆ ಮೆಟ್ಟಿಲ ಮೇಲೆ ಮರೆತು ಹೋದ. ಬೆಳಗ್ಗೆ ಜಾಡಿ ಹೆಪ್ಪುಗಟ್ಟಿ ಒಡೆದಿತ್ತು, ಗಾಜು ಅವರ ನಾಯಿಯ ಕಾಲಿಗೆ ಚುಚ್ಚಿತು. ಮರೆತವನ ಮೇಲೆ ಯಾರೂ ಸಿಟ್ಟಾಗಲಿಲ್ಲ. ಜಾಡಿ ತಂದವಳ ಮೇಲೆ ಆದರು.

"ಕೈಗವಸು ಏನಾಯ್ತು?" ಕೇಳಿದಳು ರೋಂಡಾ.

"ನಾಯಿ ಅದರ ಮೇಲೇ ಮಲಗತ್ತೆ," ಅಂದಳು ಡ್ವೇನ್‌ನ ಮಗಳು ಷೆಲ್ಬಿ. "ಬೇರೆ ಯಾವುದ್ರ ಮೇಲೂ ಮಲಗಲ್ಲ."

"ಈ ಸಲ ತರ್ತೀಯ ತಾನೇ, ಸರಿಯಾದ್ದು?" ಕ್ರಿಸ್ಟಲ್ ಪೈ ಕೊಡುತ್ತ ಕೇಳಿದಳು.

"ತರ್ತೀನಿ," ಅಂದಳು ರೋಂಡಾ. ಏನು ಎಂದು ಹೇಳಲಿಲ್ಲ.

ಆ ಸಂಜೆ ಅತ್ತೆಯನ್ನು ಮನೆಗೆ ಬಿಡುವಾಗ ತನ್ನ ಲೆಕ್ಕಾಚಾರ ಹೇಳಿದಳು. ಹಾಸನ್ನು ಮನೆಯಲ್ಲಿ ಹಾಸಿಕೊಂಡರೆ ಡ್ವೇನ್ ಯಾವತ್ತಾದರೂ ನೋಡುತ್ತಾನೆ, ಕಳ್ಳಿ ಅನ್ನುತ್ತಾನೆ. ಅದನ್ನು ಆಟಕ್ಕೆ ಹಾಕಿ, ಎಲ್ಲರ ಮುಂದೆ ತನ್ನ ಸರದಿಯಲ್ಲಿ ತಾನೇ ತೆಗೆದುಕೊಂಡರೆ ಅದು ಕಬ್ಬಿಣದ ಬಾಣಲೆಯಾಗುತ್ತದೆ. ಸಾಯುವವರೆಗೂ ಯಾರೂ ಮಾತೆತ್ತುವ ಹಾಗಿಲ್ಲ. ಮನೆಯಲ್ಲಿ ಮಾಡಿದ್ದು ಯಾರಿಗೂ ಬೇಡ, ಹಾಗಾಗಿ ಯಾರೂ ಕಸಿಯುವುದಿಲ್ಲ. ಯಾರ ತಲೆಗೆ ಕಟ್ಟುತ್ತದೋ ಅವರು ತಾನು ಕೇಳಿದಾಗ ಕೈ ಮುಗಿದು ಕೊಡುತ್ತಾರೆ.

"ಇರೋದು ಒಂದು. ಅದನ್ನೂ ಜೂಜಿಗೆ ಇಡ್ತೀಯಾ," ಅಂದಳು ಅತ್ತೆ.

"ಕದ್ದ ಮಾಲಿನ ಹಾಗೆ ಬಾಗಿಲು ಹಾಕ್ಕೊಂಡು ಅದರ ಮೇಲೆ ಕೂರಲ್ಲ ನಾನು."

ಅತ್ತೆ ಕಿಟಕಿಯ ಹೊರಗೆ ನೋಡಿದಳು. "ನಿಮ್ಮಪ್ಪನೂ ಹೀಗೇ. ಒಂದು ಜಾಕೆಟ್ ತೊಡೋ ಅಂದ್ರೆ ತೊಡ್ಲಿಲ್ಲ."

ಕ್ರಿಸ್ಮಸ್ ಮುನ್ನಾದಿನ ಮಧ್ಯಾಹ್ನವೇ ಹಿಮ ಬೀಳುತ್ತಿತ್ತು. ರೋಂಡಾ ಹಾಸನ್ನು ಸುರುಳಿ ಸುತ್ತಿ ಆಲೂಗಡ್ಡೆಯ ಗೋಣಿಚೀಲಕ್ಕೆ ತುಂಬಿ, ಹುಲ್ಲುಹೊರೆಯ ಹುರಿಯಿಂದ ಬಾಯಿ ಕಟ್ಟಿ, ಗಂಟಿಗೆ ಒಂದು ಫರ್ ಮರದ ರೆಂಬೆ ಸಿಕ್ಕಿಸಿದಳು. ಕ್ರಿಸ್ಟಲ್‌ಳ ಹಾಲ್‌ನಲ್ಲಿ ಮರದ ಕೆಳಗೆ ಹೊಳೆಯುವ ಡಬ್ಬಗಳು ಸಾಲಾಗಿದ್ದವು. ಅವುಗಳ ಪಕ್ಕದಲ್ಲಿ ಗೋಣಿಚೀಲ ಕುಡಿದು ಬಿದ್ದವನ ಹಾಗೆ ಗೋಡೆಗೊರಗಿತು.

"ಇದ್ಯಾವುದು ಹೆಣ?" ರಿಕ್ ಬೂಟಿನ ತುದಿಯಿಂದ ಮುಟ್ಟಿ ನೋಡಿದ. "ಒಳಗೆ ಯಾರಾದ್ರೂ ಸತ್ತಿದಾರಾ?"

"ಇಬ್ರು," ಅಂದಳು ಹ್ಯಾಟಿ ಅತ್ತೆ.

ಎಲ್ಲ ನಕ್ಕರು. ರೋಂಡಾ ನಗಲಿಲ್ಲ.

ಟೋಪಿ ಸುತ್ತು ಬಂತು. ರೋಂಡಾಳ ಕೈಗೆ ಒಂದನೇ ನಂಬರ್ ಸಿಕ್ಕಿತು. ಕೊನೆಯ ಸರದಿ. ಇದಕ್ಕಿಂತ ಒಳ್ಳೆಯದು ಬೇಕಿರಲಿಲ್ಲ. ಚೀಟಿಯನ್ನು ಅತ್ತೆಯ ಕಡೆ ತಿರುಗಿಸಿ ತೋರಿಸಿದಳು. ಅತ್ತೆ ಕಣ್ಣು ಮಿಟುಕಿಸಿದಳು.

ರೋಂಡಾ ಮೊದಲ ಡಬ್ಬ ಬಿಚ್ಚಿದಳು. ಎಣ್ಣೆಯಿಲ್ಲದೆ ಕರಿಯುವ ಯಂತ್ರ. "ಒಳ್ಳೇದು ಹೊಡೆದೆ ನೋಡು," ಅಂದರು ಯಾರೋ. ಅವಳು ಅದನ್ನು ಕಾಲ ಬಳಿ ಇಟ್ಟುಕೊಂಡಳು. ಎರಡನೆಯವರು, ಮೂರನೆಯವರು ಸಣ್ಣ ಡಬ್ಬಗಳನ್ನು ಬಿಚ್ಚಿದರು. ನಾಲ್ಕನೆಯವನು ರಿಕ್. ತಮಾಷೆ ಬಿಟ್ಟು ಬೇರೇನೂ ಗೊತ್ತಿಲ್ಲದ ಮನುಷ್ಯ. ಸೀದಾ ಗೋಣಿಚೀಲಕ್ಕೆ ಕೈ ಹಾಕಿದ.

ಹಾಸು ನೆಲದ ಮೇಲೆ ಉರುಳಿ ಬಿಚ್ಚಿಕೊಂಡಿತು. ಮೊಟ್ಟೆಯಾಕಾರದ್ದು, ಬಾಗಿಲಿನಷ್ಟು ಉದ್ದ. ನಡುವೆ ಬೂದು, ಅದರ ಸುತ್ತ ಕಂದು, ಆಮೇಲೆ ಹಸಿರು, ಹೊರಸುತ್ತಿನಲ್ಲಿ ಕೆಂಪು ಕಪ್ಪು. ನಾಯಿ ಎದ್ದು ಬಂದು ಅದರ ಮಧ್ಯದಲ್ಲಿ ಮಲಗಿತು.

"ರೋಂಡಾ," ಅಂದಳು ಕ್ರಿಸ್ಟಲ್. "ನಾನು ಹೇಳಿದ್ದೆ."

"ಹೇಳಿದ್ದೆ."

"ರಸೀದಿ ಎಲ್ಲಿ?"

"ಡಂಪ್‌ನಲ್ಲಿ ರಸೀದಿ ಕೊಡಲ್ಲ ಕಣೆ."

ರಿಕ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಡಂಪ್ ಮಾಲು! ನಂಗೆ ಡಂಪ್ ಮಾಲು ಸಿಕ್ತು." ಕ್ರಿಸ್ಟಲ್‌ಳ ಅಮ್ಮ ತನ್ನ ಕಾಲುಗಳನ್ನು ಹಾಸಿನಿಂದ ಹಿಂದಕ್ಕೆ ಎಳೆದುಕೊಂಡಳು. ಷೆಲ್ಬಿ ಮಾತ್ರ ಬಗ್ಗಿ ಮುಟ್ಟಿ ನೋಡಿದಳು. "ಇಷ್ಟು ಬಿಗಿಯಾಗಿ ಹೇಗೆ ಬಂತು? ನಂಗೂ ಕಲಿಸ್ತೀಯಾ?" ಅವಳ ಅಮ್ಮ ಅವಳ ಕಡೆ ನೋಡಿದ ಮೇಲೆ ನೆಟ್ಟಗೆ ಕೂತಳು.

ಡ್ವೇನ್ ಅಡುಗೆಮನೆಯ ಬಾಗಿಲಲ್ಲಿ ಬಿಯರ್ ಹಿಡಿದು ನಿಂತಿದ್ದ. ಡಂಪ್ ಎಂಬ ಮಾತಿಗೆ ತಲೆಯೆತ್ತಿದ್ದವನು ಹಾಗೇ ಹಾಸನ್ನು ನೋಡುತ್ತಿದ್ದ.

ಹ್ಯಾಟಿ ಅತ್ತೆಯ ನಂಬರ್ ಆರು. ಅವಳು ಊರುಗೋಲನ್ನು ರಿಕ್ ಕಡೆ ಚಾಚಿದಳು. "ತಾ ಇಲ್ಲಿ ಅದನ್ನ. ನಿನ್ನಂಥವನ ಕೈಲಿ ಬೇಡ."

ಅದು ಅವರಿಬ್ಬರೂ ಮೊದಲೇ ಮಾತಾಡಿಕೊಂಡದ್ದಲ್ಲ. ಆದರೆ ರೋಂಡಾ ಗಾಬರಿಯಾಗಲಿಲ್ಲ. ರಿಕ್ ಹಾಸನ್ನು ಯಾವುದಾದರೂ ನಗೆಪಾಟಲಿಗೆ ಬಳಸುವ ಮುಂಚೆ ಅತ್ತೆ ಕಾಪಾಡಿದಳು, ಅಷ್ಟೆ. ಅಮ್ಮನ ಮನೆಯ ಲೆಕ್ಕದಲ್ಲಿ ಮೊದಲು ಬಿಚ್ಚಿದವರ ಕೈ ಕೈಯಲ್ಲ. ಕಸಿದುಕೊಂಡದ್ದು ಮಾತ್ರ ಲೆಕ್ಕ. ಅತ್ತೆಯದು ಒಂದನೇ ಕೈ. ಇನ್ನೂ ಎರಡು ಉಳಿದಿವೆ. ರಿಕ್ ಖುಷಿಯಾಗಿ ಇನ್ನೊಂದು ಡಬ್ಬ ಬಿಚ್ಚಿದ, ವಿಸ್ಕಿ ಸಿಕ್ಕಿತು.

ಒಂಬತ್ತನೇ ನಂಬರ್ ಡ್ವೇನ್‌ದು. ಬಿಯರ್ ಬಾಟಲಿಯನ್ನು ಟಿವಿಯ ಪಕ್ಕ ಇಟ್ಟ. ರಾಶಿಯಲ್ಲಿ ಎರಡು ಡಬ್ಬ ಉಳಿದಿದ್ದವು, ಅವುಗಳ ಕಡೆ ನೋಡಲಿಲ್ಲ. ಅತ್ತೆಯ ಕಾಲ ಬಳಿ ಮಂಡಿಯೂರಿ, ನಾಯಿಯನ್ನು ಅತ್ತ ಸರಿಸಿ, ಹೊರಸುತ್ತಿನ ಮೇಲೆ ಬೆರಳು ಓಡಿಸಿದ. ಕೆಂಪು, ಕಪ್ಪು, ಹಸಿರು. ಬೆರಳು ಕಿತ್ತಳೆಯ ಮೇಲೆ ನಿಂತಿತು.

"ಇದು ಅಪ್ಪನ ಕೋಟು."

"ಹೌದು," ಅಂದಳು ರೋಂಡಾ.

"ಅಪ್ಪನ ಕೋಟನ್ನ ಕತ್ತರಿಸಿದ್ಯಾ ನೀನು?"

"ಹರಿದೆ. ಕತ್ತರಿ ಹಾಕಿದ್ರೆ ಪಟ್ಟಿ ನೇರ ಬರಲ್ಲ."

ಯಾರೋ ನಗಲು ಶುರುಮಾಡಿ ನಿಲ್ಲಿಸಿದರು. ಡ್ವೇನ್‌ನ ಕತ್ತು ಕೆಂಪಾಯಿತು. "ನಾನು ಫೋನ್ ಮಾಡಿ ಕೇಳ್ದೆ. ಇಲ್ಲ ಅಂದೆ. ಬಾಯಿ ತುಂಬ ಸುಳ್ಳು ಹೇಳ್ದೆ."

"ನೀನು ಕೇಳ್ಲಿಲ್ಲ, ಕಳ್ಳಿ ಅಂದೆ. ಅಮ್ಮನ ಮನೆಯಿಂದ ಒಂದು ದಾರಾನೂ ತಗೊಂಡಿಲ್ಲ ಅಂದೆ ನಾನು. ತಗೊಂಡಿಲ್ಲ. ಡಂಪ್ ಶೆಡ್ಡಲ್ಲಿ ಸಿಕ್ತು. ಎರಡು ಕಪ್ಪು ಚೀಲ, ಬಾಯಿಗೆ ಕೆಂಪು ದಾರ."

ಎಲ್ಲರ ಕಣ್ಣೂ ಮರದ ಕೆಳಗಿದ್ದ ಡಬ್ಬಗಳ ಮೇಲೆ ಹೋದವು. ಕ್ರಿಸ್ಟಲ್ ಕಟ್ಟಿದ್ದರ ಮೇಲೆ ಕೆಂಪು ದಾರವಿತ್ತು.

ಡ್ವೇನ್ ಹೆಂಡತಿಯ ಕಡೆ ತಿರುಗಿದ.

"ನನ್ನ ಯಾಕೆ ನೋಡ್ತೀಯ?" ಅಂದಳು ಕ್ರಿಸ್ಟಲ್. "ಬೀರೂ ತುಂಬ ಹಳೇ ಬಟ್ಟೆ. ಒಂದೊಂದಾಗಿ ಬಿಡಿಸಿ ನಿನ್ ಮುಂದೆ ಹಿಡೀಬೇಕಿತ್ತಾ? ಕಟ್ಟಿದ್ದು ನಾನು, ಸರಿ. ಎತ್ಕೊಂಡೋಗಿ ಎಸೆದಿದ್ದು ಯಾರು? ನೀನೇ. ಏನಿದೆ ಅಂತ ಒಂದ್ಸಲ ಬಿಚ್ಚಿ ನೋಡಿದ್ಯಾ? ಬೇಗ ಮುಗೀಲಿ, ಆಟ ಶುರುವಾಗತ್ತೆ ಟಿವೀಲಿ ಅಂತಿದ್ದೆ."

"ಎಲ್ಲಾರ್ಗೂ ಹೇಳಿದ್ಯಲ್ಲ ಡ್ವೇನ್, ನಾನು ಬೀರೂಗೆ ಕೈ ಹಾಕಿದೆ ಅಂತ," ಅಂದಳು ರೋಂಡಾ. "ಎಲ್ಲಾರೂ ಇಲ್ಲೇ ಇದಾರೆ. ಈಗ ಹೇಳು, ಎಸೆದಿದ್ದು ಯಾರು?"

ಅವನ ಬೆರಳು ಕಿತ್ತಳೆಯ ಮೇಲೇ ಇತ್ತು.

"ಹೇಳೋ," ಅಂದಳು ಹ್ಯಾಟಿ ಅತ್ತೆ. "ಬಾಯಿಗೆ ಏನಾಗಿದೆ? ಫೋನಲ್ಲಿ ಚೆನ್ನಾಗಿ ಓಡ್ತಿತ್ತಂತೆ."

"ನಾನೇ ಎಸೆದೆ," ಅಂದ ಡ್ವೇನ್. "ಗೊತ್ತಿಲ್ದೆ ಎಸೆದೆ. ಅವಳು ಗೊತ್ತಿದ್ದೂ ಹರಿದ್ಲು."

ಅದು ನಿಜ.

ಅವನು ಎದ್ದು ನಿಂತ. "ನನ್ ಸರದಿ ಅಲ್ವಾ? ಇದನ್ನೇ ತಗೋತೀನಿ."

ಅತ್ತೆಯ ಕಾಲ ಕೆಳಗಿಂದ ಹಾಸನ್ನು ಎಳೆದು ಸುರುಳಿ ಸುತ್ತಿ ಕಂಕುಳಿಗೆ ಸೇರಿಸಿಕೊಂಡ. ಬದಲಿಗೆ ಅತ್ತೆಗೆ ವಾಸನೆಯ ಮೇಣದಬತ್ತಿ ಸಿಕ್ಕಿತು. ಅದನ್ನು ಮೂಸಿ ದೂರ ಇಟ್ಟಳು. ಹತ್ತನೆಯವರು ಕೊನೆಯ ಡಬ್ಬ ಬಿಚ್ಚಿದರು. ಅದರಲ್ಲಿ ಏನಿತ್ತೆಂದು ಯಾರೂ ಗಮನಿಸಲಿಲ್ಲ.

ರೋಂಡಾ ಎದ್ದಳು. ಕರಿಯುವ ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ತಮ್ಮನ ಕಾಲ ಬಳಿ ಇಟ್ಟಳು.

"ಒಂದನೇ ನಂಬರ್. ನನ್ ಕೊನೇ ಸರದಿ. ಹಾಸು ಕೊಡು."

"ಆಗಲ್ಲ," ಅಂದಳು ಕ್ರಿಸ್ಟಲ್, ಕುರ್ಚಿಯಿಂದ ಏಳದೆ. "ಮೂರು ಕೈ ಆಯ್ತು. ರಿಕ್ ಒಂದು, ಅತ್ತೆ ಎರಡು, ಡ್ವೇನ್ ಮೂರು. ಅಲ್ಲಿಗೆ ನಿಂತಿತು."

"ರಿಕ್ ಬಿಚ್ಚಿದ್ದು. ಬಿಚ್ಚಿದ್ದು ಲೆಕ್ಕಕ್ಕಿಲ್ಲ. ಅಮ್ಮನ ಮನೇಲಿ ಯಾವತ್ತೂ ಇರ್ಲಿಲ್ಲ."

"ನಮ್ಮನೇಲಿ ಯಾವತ್ತೂ ಇತ್ತು. ಕೇಳು ನಮ್ಮಮ್ಮನ್ನ."

ಕ್ರಿಸ್ಟಲ್‌ಳ ಅಮ್ಮ ತಲೆಯಾಡಿಸಿದಳು. ಅವಳ ಅಣ್ಣಂದಿರೂ ತಲೆಯಾಡಿಸಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಮನೆಯಲ್ಲಿ ಹಾಗೇ ಆಡುತ್ತಿದ್ದರು. ಕಳೆದ ವರ್ಷದವರೆಗೂ ಆಟ ಅಮ್ಮನ ಮನೆಯಲ್ಲಿ ನಡೆಯುತ್ತಿದ್ದರಿಂದ ಆ ಮಾತು ಬಂದಿರಲಿಲ್ಲ. ರೋಂಡಾ ಎಲ್ಲ ಲೆಕ್ಕ ಹಾಕಿದ್ದಳು, ಆಟ ಯಾರ ಮನೆಯಲ್ಲಿ ನಡೆಯುತ್ತದೆ ಎಂಬುದೊಂದನ್ನು ಬಿಟ್ಟು.

"ಡ್ವೇನ್," ಅಂದಳು. "ನೀನು ಅಮ್ಮನ ಮನೇಲಿ ಆಡಿ ಬೆಳೆದವನು. ನೀನು ಹೇಳು. ಬಿಚ್ಚಿದವರ ಕೈ ಲೆಕ್ಕಕ್ಕಿತ್ತಾ?"

ಡ್ವೇನ್ ಹಾಸನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡ. "ಇದು ಕ್ರಿಸ್ಟಲ್ ಮನೆ."

"ಕೇಳಿದ್ದು ಅದಲ್ಲ."

"ಇರ್ಲಿಲ್ಲ," ಅಂದ. "ಅಮ್ಮನ ಮನೇಲಿ ಇರ್ಲಿಲ್ಲ. ಆದ್ರೆ ಇದು ಅಮ್ಮನ ಮನೆ ಅಲ್ಲ."

"ಅಲ್ಲ," ಅಂದಳು ರೋಂಡಾ. "ಅದನ್ನ ನೀನು ಮಾರಿದೆ."

ಅವಳು ಹಾಸಿನ ಮೇಲೆ ಕೈ ಹಾಕಲಿಲ್ಲ. ಎಳೆದಾಡಿದ್ದರೆ ಬರುತ್ತಿತ್ತೇನೋ, ಅವಳ ಕೈಗೆ ತಮ್ಮನ ಕೈಗಿಂತ ಕಸುವಿತ್ತು. ಆದರೆ ಕಸಿದದ್ದಕ್ಕೂ ಕದ್ದದ್ದಕ್ಕೂ ಇವರು ಒಂದೇ ಹೆಸರು ಇಡುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ತನ್ನ ಕೋಟು ತೊಟ್ಟುಕೊಂಡಳು.

"ಏನ್ ಮಾಡ್ತೀಯ ಅದನ್ನ?" ಕೇಳಿದಳು.

"ಬಿಚ್ತೀನಿ. ಅಪ್ಪನದ್ದು ಬೇರೆ ತೆಗೀತೀನಿ."

"ಬಿಚ್ಚಿದ್ರೆ ಪಟ್ಟಿ ಸಿಗತ್ತೆ ಕಣೋ, ಕೋಟು ಸಿಗಲ್ಲ," ಅಂದಳು ಹ್ಯಾಟಿ ಅತ್ತೆ, ಊರುಗೋಲಿನ ಮೇಲೆ ಭಾರ ಹಾಕಿ ಏಳುತ್ತ. "ಆ ಪಟ್ಟೀನ ಸೊಂಟಕ್ಕೆ ಸುತ್ಕೊಂಡು ಬೇಟೆಗೆ ಹೋಗು. ಜಿಂಕೆಗಳು ನಕ್ಕು ಸಾಯ್ತವೆ."

ರಿಕ್ ವಿಸ್ಕಿ ಬಾಟಲಿಯ ಹಿಂದೆ ಮುಖ ಮರೆಸಿಕೊಂಡ. ಡ್ವೇನ್ ಯಾರನ್ನೂ ನೋಡದೆ ಕೇಳಿದ, "ಗುಂಡಿ ಎಲ್ಲಿ? ಅಪ್ಪನ ಕೋಟಿನ ಗುಂಡಿ. ಜಿಂಕೆ ಕೊಂಬಿನವು. ತಾತ ಕೆತ್ತಿದ್ದು."

"ನನ್ ಹತ್ರ ಇವೆ. ಜಾಡೀಲಿ."

"ಅವನ್ನ ಕೊಡು."

"ಮುಂದಿನ ವರ್ಷ ಆಟಕ್ಕೆ ತರ್ತೀನಿ," ಅಂದಳು ರೋಂಡಾ. "ಗೋಣಿಚೀಲದಲ್ಲಿ ಕಟ್ಕೊಂಡು, ರಸೀದಿ ಇಲ್ದೆ. ಬೇಕಾದ್ರೆ ನಂಬರ್ ಎತ್ತಿ ತಗೋ."

"ಮುಂದಿನ ವರ್ಷ ನಿನ್ನ ಕರೆದ್ರೆ ತಾನೇ," ಅಂದಳು ಕ್ರಿಸ್ಟಲ್.

"ಕರೀದಿದ್ರೂ ಬರ್ತೀನಿ. ಈ ಆಟ ನಮ್ಮಜ್ಜಂದು. ನೀನು ಮದುವೆಯಾಗಿ ಬಂದವಳು."

ಷೆಲ್ಬಿ ಬಾಗಿಲವರೆಗೆ ಬಂದಳು. ಕರಿಯುವ ಯಂತ್ರ ಅವಳ ಕೈಯಲ್ಲಿತ್ತು. "ಇದು ನಿಂದೇ ಅಲ್ವಾ. ಬಿಟ್ಟು ಹೋಗ್ತಿದೀಯ."

"ನಿಮ್ಮಮ್ಮಂಗೆ ಕೊಡು. ಒಳಗೆ ರಸೀದಿ ಇದೆ." ಅವಳ ಮುಖ ನೋಡಿ ಸೇರಿಸಿದಳು, "ಜಡೆ ಹಾಕೋದು ಕಲೀಬೇಕಿದ್ರೆ ಹ್ಯಾಟಿ ಅತ್ತೆ ಮನೆಗೆ ಬಾ. ಭಾನುವಾರ ಅಂದ್ರೆ ಭಾನುವಾರ ಇರ್ತೀವಿ ನಾವು."

ಹೊರಗೆ ಮೆಟ್ಟಿಲ ಮೇಲೆ ಹಿಮ ಕೂತಿತ್ತು. ರೋಂಡಾ ಅತ್ತೆಯ ತೋಳು ಹಿಡಿದು ಇಳಿಸಿದಳು, ಕಾರಿನ ಗಾಜು ಕೆರೆದಳು, ಹೀಟರ್ ಹಾಕಿದಳು. ಕಾರು ರಸ್ತೆಗೆ ಬಂತು.

"ನಾನು ಕೈ ಹಾಕ್ಬಾರ್ದಿತ್ತು," ಅಂದಳು ಅತ್ತೆ. "ರಿಕ್ ಹತ್ರಾನೇ ಬಿಟ್ಟಿದ್ರೆ ಡ್ವೇನ್ ಕಸಿದ ಮೇಲೂ ನಿಂಗೆ ಒಂದು ಕೈ ಉಳೀತಿತ್ತು."

"ಕಿತ್ತಳೆ ಹಾಕ್ಬೇಡ ಅಂತ ನೀನು ಹೇಳಿದ್ದೆ. ನಾನು ಹಾಕ್ದೆ."

"ಹಾಕ್ಬಾರ್ದಿತ್ತು ಅನ್ಸತ್ತಾ ಈಗ?"

"ಇಲ್ಲ."

ಡಂಪ್‌ನ ಗೇಟು ಬಂತು. ಹಬ್ಬಕ್ಕೆ ಬೀಗ ಹಾಕಿದ್ದರು. ಶೆಡ್ಡಿನ ಹೊರಗೆ, ತಗಡಿನ ಮುಂಚಾಚಿನ ಕೆಳಗೆ, ಯಾರೋ ಒಂದು ಚೀಲ ಇಟ್ಟು ಹೋಗಿದ್ದರು. ರೋಂಡಾ ಕಾರು ನಿಲ್ಲಿಸಿ, ಗೇಟಿನ ಪಕ್ಕದ ಹಿಮದ ದಿಬ್ಬ ಹತ್ತಿ ಒಳಗಿಳಿದು ಹೋದಳು. ಯಾರದೋ ನೀಲಿ ಉಣ್ಣೆ ಕೋಟು, ಒಂದು ತೋಳು ಇಲಿ ಕಡಿದದ್ದು. ಜೊತೆಗೊಂದು ಹಳದಿ ಕಂಬಳಿ. ಚೀಲವನ್ನು ತಂದು ಹಿಂದಿನ ಸೀಟಿಗೆ ಎಸೆದಳು.

"ಯಾರದ್ದು?" ಕೇಳಿದಳು ಅತ್ತೆ.

"ಯಾರದ್ದೋ. ಬೇಡ ಅಂದವರದ್ದು."

ಅತ್ತೆ ಹಿಂದಕ್ಕೆ ಕೈ ಚಾಚಿ ಬಟ್ಟೆಯನ್ನು ಬೆರಳ ನಡುವೆ ಉಜ್ಜಿ ನೋಡಿದಳು. "ಒಳ್ಳೇ ಉಣ್ಣೆ. ಬಿಸಿನೀರು ಬೇಕು." ಆಮೇಲೆ ಕೇಳಿದಳು, "ಒಟ್ಟು ಎಷ್ಟು ಹೋಯ್ತೇ ನಿಂಗೆ?"

ರೋಂಡಾ ಕಾರನ್ನು ರಸ್ತೆಗೆ ತಿರುಗಿಸುತ್ತ ಎಣಿಸಿದಳು.

ಅಪ್ಪನ ಕೋಟು ಒಂದು. ಅಮ್ಮನ ಕೋಟು ಒಂದು. ಲಂಗ ಎರಡು. ಕಂಬಳಿ ಒಂದು. ಎಲ್ಲ ಸೇರಿ ಹಾಸು ಒಂದು.